ಒಂಟಿ ಸೀನಿಗೆ ಬಿದ್ದ ದಂಡ

ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ನಾವು ಮನೆ ಕೊಂಡಾಗ ಅದಕ್ಕೆ ಕಳ್ಳರ ಅಲಾರಂ ಇರಲಿಲ್ಲ. ಬೇಕೆಂದು ನನಗೆ ಅನ್ನಿಸಿಯೂ ಇರಲಿಲ್ಲ. ನಾನು ಹತ್ತಿರದ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ, ಗಂಡ ಬರ್ಮಿಂಗ್‌ಹ್ಯಾಮಿನ ಪೇಟೆ ನಡುವೆ ಇದ್ದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮನೆಯಲ್ಲಿದ್ದ ಬೆಲೆಬಾಳುವ ವಸ್ತು ಎಂದರೆ ಬೆಂಗಳೂರಿನಿಂದ ಹೊತ್ತು ತಂದ ಕಲ್ಲಿನ ವೆಟ್ ಗ್ರೈಂಡರ್ ಮತ್ತು ತೀರಿಕೊಂಡ ನನ್ನ ಅಮ್ಮನ ಬಳೆಗಳು. ಗ್ರೈಂಡರನ್ನು ಎತ್ತಿಕೊಂಡು ಓಡುವಷ್ಟು ರಟ್ಟೆ ಇರುವ ಕಳ್ಳ ಇನ್ನೂ ಹುಟ್ಟಿರಲಿಲ್ಲ. ಬಳೆಗಳನ್ನು ಬ್ಯಾಂಕಿನ ಲಾಕರಿನಲ್ಲಿ ಇಡೋಣ ಎಂದರೆ ನನಗೇ ಮನಸ್ಸು ಬರುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಅವುಗಳನ್ನು ತೆಗೆದು ಕೈಗೆ ಹಾಕಿಕೊಂಡು ಕೂರುವುದು ನನ್ನ ಒಂದು ಚಟವಾಗಿತ್ತು.

ಆ ವರ್ಷದ ದೀಪಾವಳಿಗೆ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಸ್ನೇಹಿತರ ಮನೆ ಕಳುವಾಯಿತು. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಕನ್ನಡದವರೆಲ್ಲ ಸೇರುವ ಹಬ್ಬದ ಊಟಕ್ಕೆ ಬಂದಿದ್ದರು, ವಾಪಸ್ಸು ಹೋಗುವಷ್ಟರಲ್ಲಿ ಚಿನ್ನ ಪೂರ್ತಿ ಹೋಗಿತ್ತು. ಇಂಡಿಯನ್ನರ ಮನೆಯಲ್ಲಿ ಚಿನ್ನ ಇರುತ್ತದೆ, ಹಬ್ಬದ ದಿನ ಮನೆ ಖಾಲಿ ಇರುತ್ತದೆ ಎನ್ನುವುದು ಅಲ್ಲಿಯ ಕಳ್ಳರಿಗೂ ಚೆನ್ನಾಗಿ ಗೊತ್ತು. ಅವರು ಆಮೇಲೆ ಅಲಾರಂ ಹಾಕಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದು, ನಾವು ಮೊದಲೇ ಹಾಕಿಸೋಣ ಎಂದ ನನ್ನ ಗಂಡ. ಅವನ ಪ್ರಕಾರ ಲೋಕದ ಎಲ್ಲ ಕಷ್ಟಕ್ಕೂ ಒಂದು ಯಂತ್ರ ಇದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದರ್ಥ.

ಹೀಗೆ ಮನೆಯ ಹೊರಗೋಡೆಗೆ ಒಂದು ಬಿಳಿ ಪೆಟ್ಟಿಗೆ ಬಂತು. ಒಳಗೆ ಬಾಗಿಲ ಪಕ್ಕ ನಂಬರು ಒತ್ತುವ ಹಲಗೆ, ರೂಮುಗಳ ಮೂಲೆಯಲ್ಲಿ ಕೆಂಪಗೆ ಮಿಣುಕುವ ಸಣ್ಣ ಕಣ್ಣುಗಳು. ಹೊರಡುವಾಗ ಗುಟ್ಟಿನ ನಂಬರು ಒತ್ತಿದರೆ ಅದು ಕುಂಯ್ ಕುಂಯ್ ಎನ್ನಲು ಶುರುಮಾಡುತ್ತಿತ್ತು, ಆ ಸದ್ದು ನಿಲ್ಲುವುದರೊಳಗೆ ನಾವು ಹೊರಗೆ ಹೋಗಿ ಬಾಗಿಲು ಹಾಕಬೇಕು. ಬಂದಾಗಲೂ ಹಾಗೆಯೇ, ಅದು ಕುಂಯ್‌ಗುಟ್ಟಿ ಮುಗಿಸುವುದರೊಳಗೆ ನಂಬರು ಒತ್ತಬೇಕು. ಇಲ್ಲದಿದ್ದರೆ ಬೀದಿಯೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಸೈರನ್ ಕೂಗುತ್ತದೆ, ಅಲಾರಂ ಕಂಪನಿಯವರು ಪೊಲೀಸರಿಗೆ ಫೋನು ಮಾಡುತ್ತಾರೆ. ಚಳಿಗಾಲ ಪೂರ್ತಿ ಅದು ಒಂದೇ ಒಂದು ಸಲವೂ ಕೂಗಲಿಲ್ಲ.

ಮೇ ತಿಂಗಳಲ್ಲಿ ಅತ್ತೆ ಬಂದರು.

ನಾನು ಆಗ ಬಸುರಿ. ಸೆಪ್ಟೆಂಬರಿನಲ್ಲಿ ಹೆರಿಗೆ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಲ್ಯಾಬಿನಲ್ಲಿ ಯಾರಾದರೂ ಭಯ ಆಗುತ್ತಾ ಎಂದು ಕೇಳಿದರೆ ಭಯ ಎಂಥದ್ದು, ಎಲ್ಲರೂ ಹೆರುವುದಿಲ್ಲವೇ ಎಂದು ಜಂಬದಿಂದ ಹೇಳುತ್ತಿದ್ದೆ. ಒಂದು ದಿನ ಮೈಸೂರಿನಿಂದ ಅತ್ತೆ ಫೋನು ಮಾಡಿದರು. "ನಿಮ್ಮಮ್ಮ ಇಲ್ಲ ಅಂತ ಯೋಚನೆ ಮಾಡ್ಬೇಡ ಕಣೆ. ಬಾಣಂತನ ನಾನು ಬಂದು ಮಾಡ್ತೀನಿ," ಎಂದರು. ಸರಿ ಅತ್ತೆ ಎಂದು ಫೋನಿಟ್ಟವಳು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ಮಾತನ್ನು ಯಾರಾದರೂ ಹೇಳಲಿ ಎಂದು ಎಷ್ಟು ಕಾದಿದ್ದೆ ಎನ್ನುವುದು ನನಗೆ ಆಗಲೇ ಗೊತ್ತಾಗಿದ್ದು.

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ನಿವೃತ್ತಿಯಾಗಿದ್ದರೂ ದನಿ ಇನ್ನೂ ನಿವೃತ್ತಿಯಾಗಿರಲಿಲ್ಲ. ಬಂದ ವಾರದಲ್ಲೇ ಅಂಗಡಿಸಾಲಿನ ಹೈಸ್ಟ್ರೀಟಿಗೆ ಒಬ್ಬರೇ ನಡೆದು ಹೋಗಿ ಕೊತ್ತಂಬರಿ ತಂದರು. ಬಸ್ ಸ್ಟಾಪಿನಲ್ಲಿ ಸಾಲು ಮುರಿದ ಹುಡುಗರನ್ನು ಇಂಗ್ಲಿಷಿನಲ್ಲೇ ಗದರಿಸಿ ಬಂದರು. ನನಗೆ ಅವರನ್ನು ಕಂಡರೆ ಪ್ರೀತಿ, ಸ್ವಲ್ಪ ಹೆದರಿಕೆ. ಗಂಡನನ್ನು ನಾವಿಬ್ಬರೇ ಇದ್ದಾಗ ಹೋಗೋ ಬಾರೋ ಎನ್ನುವವಳು ಅವರೆದುರು 'ರೀ' ಎನ್ನುತ್ತಿದ್ದೆ. ಅವನು ಪ್ರತಿ ಸಲವೂ ತಿರುಗಿ ಯಾರನ್ನು ಕರೆದೆ ಎಂಬಂತೆ ನೋಡುತ್ತಿದ್ದ.

ಜೂನ್ ಬಂತು, ಹುಲ್ಲು ಹೂ ಬಿಟ್ಟಿತು. ಇಂಗ್ಲೆಂಡಿನಲ್ಲಿ ಹುಲ್ಲಿನ ಪರಾಗ ಗಾಳಿಯಲ್ಲಿ ಹಾರಿದರೆ ಅರ್ಧ ದೇಶ ಮೂಗು ಹಿಡಿದುಕೊಂಡು ಓಡಾಡುತ್ತದೆ. ನನ್ನ ಗಂಡನಿಗೆ ಅದು ಪ್ರತಿ ಬೇಸಿಗೆಯ ರೋಗ. ತಾಯಿ ಮಗ ಎನ್ನುವುದಕ್ಕೆ ಸಾಕ್ಷಿಯಾಗಿ ಆ ವರ್ಷ ಅತ್ತೆಗೂ ಶುರುವಾಯಿತು. ಇಷ್ಟಾಗಿದ್ದರೆ ಮಾತ್ರೆ ನುಂಗಿ ಸುಮ್ಮನಿರಬಹುದಿತ್ತು. ಆದರೆ ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನ. ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಹೊರಡಬೇಕು. ಜೋಡಿ ಸೀನಾದರೆ ತೊಂದರೆಯಿಲ್ಲ, ಶುಭವೇ. ನಮ್ಮ ಮನೆಯಲ್ಲೂ ಅಜ್ಜಿ ಇದನ್ನೇ ಹೇಳುತ್ತಿದ್ದಳು. ನಾನು ನಗುತ್ತಿದ್ದೆ, ನಗುತ್ತಲೇ ಕೂರುತ್ತಿದ್ದೆ.

ಮೊದಲ ಸಲ ನಾವು ಮೂವರೂ ಸ್ಕ್ಯಾನಿಗೆ ಹೊರಟಿದ್ದೆವು. ಗಂಡ ನಂಬರು ಒತ್ತಿ, ಬಾಗಿಲಿಗೆ ಬೀಗ ಹಾಕಿ, ಕಾರಿನ ಹತ್ತಿರ ಹೋಗಿ ಒಂದು ಸೀನು ಸೀನಿದ. ಅತ್ತೆ ನಿಂತರು. "ಇನ್ನೊಂದು ಸೀನೋ," ಎಂದರು. ಅವನು ಸೂರ್ಯನನ್ನು ನೋಡಿದ, ಮೂಗು ತಿಕ್ಕಿದ, ಬರಲಿಲ್ಲ. "ಮಗು ನೋಡೋಕೆ ಹೋಗ್ತಿದೀವಿ, ಹೀಗೆ ಹೋಗೋದು ಬೇಡ," ಎಂದವರೇ ತಮ್ಮ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕಣ್ಣು ಮುಚ್ಚಿ ಕೂತರು. ಕುಂಯ್‌ಗುಡುವುದು ಅವರಿಗೆ ಕೇಳಿಸಿತು, ಆದರೆ ಅದು ನಮ್ಮನ್ನು ಬೇಗ ಮಾಡಿ ಎನ್ನುತ್ತಿದೆ ಎಂದುಕೊಂಡರಂತೆ. ಯಾರ ಆತುರಕ್ಕೂ ಮಣಿಯುವವರಲ್ಲ ಅವರು. ಸೈರನ್ ಕೂಗಿದ ಮೇಲೆಯೇ ಕಣ್ಣು ತೆರೆದಿದ್ದು.

ಎರಡನೆಯ ಸಲ ಸೀನಿದವನು ಪೋಸ್ಟ್‌ಮ್ಯಾನ್. ನಾನು ಮತ್ತು ಅತ್ತೆ ದೇವಸ್ಥಾನಕ್ಕೆ ಹೊರಟಿದ್ದೆವು. ಹಾದಿಯಲ್ಲಿ ಹೋಗುವವನ ಸೀನಿಗೂ ನಮಗೂ ಏನು ಸಂಬಂಧ ಎಂದೆ. ನಮ್ಮ ಗೇಟಿನೊಳಗೆ ನಿಂತು ಸೀನಿದ್ದಾನೆ ಎಂದರು ಅತ್ತೆ. ಈ ವಾದ ನಡೆಯುತ್ತಿರುವಾಗಲೇ ಬಾಗಿಲು ತೆರೆದಾಗಿತ್ತು. ನಾನು ಗಾಬರಿಯಲ್ಲಿ ನಂಬರು ತಪ್ಪು ಒತ್ತಿದೆ. ಕೊನೆಗೆ ಇಬ್ಬರು ಪೊಲೀಸರು ಬಂದು ಬಾಗಿಲಲ್ಲಿ ನಿಂತಾಗ ಅತ್ತೆ ಕೈಯಲ್ಲಿ ಇನ್ನೂ ನೀರಿನ ಲೋಟ ಇತ್ತು. ಅವರಿಗೆ ಕೋಡುಬಳೆ ಕೊಟ್ಟರು. ತಿಂದು, ಚೆನ್ನಾಗಿದೆ ಎಂದು ಹೇಳಿ, ಮುಂದೆ ಹುಷಾರು ಎಂದು ಹೋದರು.

ಮೂರನೆಯದು ನಗುವ ವಿಷಯವಾಗಿ ಉಳಿಯಲಿಲ್ಲ. ಅತ್ತೆ ಒಬ್ಬರೇ ಅಂಗಡಿಗೆ ಹೊರಟು, ಗೇಟಿನ ಹತ್ತಿರ ತಾವೇ ಸೀನಿ, ವಾಪಸ್ಸು ಒಳಗೆ ಹೋಗಿದ್ದಾರೆ. ಈ ಸಲ ನಂಬರು ಒತ್ತಬೇಕು ಎನ್ನುವುದು ನೆನಪಿತ್ತು, ಸದ್ದಿಗೆ ನಂಬರೇ ಮರೆತುಹೋಯಿತು. ಸೈರನ್ ಶುರುವಾದಾಗ ಹೆದರಿ ಹೊರಗೆ ಬಂದು ಬಾಗಿಲು ಎಳೆದುಕೊಂಡಿದ್ದಾರೆ, ಕೀಲಿ ಒಳಗೇ ಉಳಿಯಿತು. ಗಂಡ ಆಫೀಸಿನಿಂದ ಬಸ್ಸು ಹಿಡಿದು ಬರುವ ತನಕ ಅದು ಕೂಗಿದ್ದೇ ಕೂಗಿದ್ದು. ಬೀದಿಯವರೆಲ್ಲ ಹೊರಗೆ ಬಂದರು. ಅತ್ತೆ ಸೆರಗು ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿದ್ದರಂತೆ. ಪಕ್ಕದ ಮನೆಯ ಅಜ್ಜಿ ಒಂದು ಕುರ್ಚಿ ತಂದು ಕೊಟ್ಟಳಂತೆ. ಎದುರು ಮನೆಯವರು ಊರಿನ ನಗರಸಭೆಗೆ, ಅಂದರೆ ಕೌನ್ಸಿಲ್‌ಗೆ, ಫೋನು ಮಾಡಿದರು.

ನಮ್ಮ ಕಡೆ ಅದೇ ವರ್ಷ ಹೊಸ ನಿಯಮ ಬಂದಿತ್ತು. ಸುಮ್ಮಸುಮ್ಮನೆ ಕೂಗುವ ಅಲಾರಂಗಳಿಂದ ಜನಕ್ಕೆ ನಿದ್ದೆ ಇಲ್ಲ, ಪೊಲೀಸರಿಗೆ ಪುರುಸೊತ್ತಿಲ್ಲ. ಆದ್ದರಿಂದ ಅಲಾರಂ ಇರುವ ಪ್ರತಿ ಮನೆಯವರೂ ಶುಲ್ಕ ಕಟ್ಟಿ ಅದನ್ನು ನೋಂದಾಯಿಸಬೇಕು. ನಾವಿಲ್ಲದಾಗ ಬಂದು ಅದನ್ನು ನಿಲ್ಲಿಸಬಲ್ಲ, ಹತ್ತಿರದಲ್ಲೇ ವಾಸವಾಗಿರುವ, ನಮ್ಮ ಮನೆಯವರಲ್ಲದ ಒಬ್ಬರಿಗೆ ಒಂದು ಕೀಲಿ ಕೊಟ್ಟು ಅವರ ಹೆಸರು ಬರೆದುಕೊಡಬೇಕು. ಇಲ್ಲದೆ ಅದು ಕೂಗುತ್ತಲೇ ಇದ್ದರೆ ದಂಡ. ಪೊಲೀಸರದ್ದು ಇನ್ನೊಂದು ನಿಯಮ. ಹಲವು ಸಲ ಸುಳ್ಳೇ ಕರೆದರೆ ಆಮೇಲೆ ಆ ಮನೆಗೆ ಅವರು ಬರುವುದೇ ಇಲ್ಲ. ತೋಳ ಬಂತು ತೋಳ ಕಥೆಯನ್ನು ಸರ್ಕಾರವೇ ಕಾನೂನು ಮಾಡಿದೆ ಎಂದುಕೊಂಡೆ ನಾನು. ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಕೌನ್ಸಿಲ್‌ನದು ದಂಡ, ಅಲಾರಂ ಕಂಪನಿಯದು ಇನ್ನು ಮುಂದೆ ಪೊಲೀಸರು ಬರುವುದಿಲ್ಲ ಎನ್ನುವ ಸುದ್ದಿ. ಯಾಕೆ ತಪ್ಪಾಗಿ ಕೂಗಿತು ಎಂದು ಕಂಡುಹಿಡಿದು ಸರಿಪಡಿಸಿದರೆ ಮಾತ್ರ ಮತ್ತೆ ಬರುತ್ತಾರೆ.

ನನ್ನ ಗಂಡ ಕೂಗಾಡುವ ಮನುಷ್ಯನಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವನು ಕಾಗದ ಓದಿ ಮಡಚಿಟ್ಟ. ಬಾಗಿಲ ಪಕ್ಕದ ಹಲಗೆಗೆ ಹೊಸ ನಂಬರು ಹಾಕಿದ. ಅತ್ತೆಯ ಕೀಲಿಗೊಂಚಲನ್ನು ಮೇಜಿನ ಮೇಲಿಂದ ತೆಗೆದುಕೊಂಡು, ಬಾಗಿಲ ಕೀಲಿಯೊಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಉಳಿದ ಮೈಸೂರಿನ ಮನೆಯ ಕೀಲಿಗಳನ್ನು ಅಲ್ಲಿಯೇ ಇಟ್ಟ. "ಅಮ್ಮ, ನೀನು ಇನ್ಮೇಲೆ ಒಬ್ಳೇ ಹೊರಗೆ ಹೋಗೋದು ಬೇಡ. ಏನು ಬೇಕೋ ನಾವೇ ತರ್ತೀವಿ," ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು ಎಂದು ನಾನು ರೂಮಿನಲ್ಲಿ ಅವನಿಗೆ ಹೇಳಿದೆ. "ಹಾಗಾದ್ರೆ ಇನ್ನೇನು ಮಾಡೋದು ನೀನೇ ಹೇಳು," ಎಂದ. ನನಗೂ ಏನೂ ಹೊಳೆಯಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬೆಳಿಗ್ಗೆ ನಾವಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದೆವು, ಅತ್ತೆ ಒಳಗೆ ಇರುತ್ತಿದ್ದರು. ಸಂಜೆ ಬಂದರೆ ಸಾರು ಪಲ್ಯ ಎಲ್ಲ ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ಹೊರಡುವಾಗ ಮಗ ಸೀನಿದರೂ ನಿಲ್ಲಿ ಎನ್ನಲಿಲ್ಲ. ಅವನು ಬೇಕೆಂದೇ ಮೆಟ್ಟಿಲ ಮೇಲೆ ಒಂದು ನಿಮಿಷ ನಿಂತು ನೋಡಿದ, ಅವರು ಬಾಗಿಲು ಹಾಕಿಕೊಂಡರು. ಹಾಗೆ ಒಂದು ವಾರ ಕಳೆದ ಮೇಲೆ ಊಟಕ್ಕೆ ಕೂತಾಗ, "ನನ್ನ ಟಿಕೆಟ್ಟು ಸ್ವಲ್ಪ ಮುಂಚೆಗೆ ಮಾಡ್ಸಿಬಿಡು. ಊರಲ್ಲಿ ಕೆಲಸ ಇದೆ," ಎಂದರು.

ಯಾವ ಕೆಲಸ ಎಂದು ಯಾರೂ ಕೇಳಲಿಲ್ಲ. ನಾನು ಗಂಡನ ಮುಖ ನೋಡಿದೆ, ಅವನು ತಟ್ಟೆ ನೋಡಿದ. ಬೇಡ ಎಂದು ಹೇಳಬೇಕಾದವನು ಮಗ, ಸೊಸೆ ಮಧ್ಯೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲ ಎಂದುಕೊಂಡೆ. ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ ಆ ಮಾತು ನನ್ನಲ್ಲೇ ಉಳಿಯಿತು. ಆ ಹೊತ್ತಿಗೆ ಮಗು ಹೊಟ್ಟೆಯಲ್ಲಿ ಒದೆಯಲು ಶುರುಮಾಡಿತ್ತು. ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕುತ್ತಿದ್ದೆ, ಅತ್ತೆ ಹೋದರೆ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರು ಹಾಕುವವರು ಯಾರು, ನನ್ನ ಹೊಟ್ಟೆಗೆ ಕಟ್ಟು ಬಿಗಿಯುವವರು ಯಾರು, ಅದಕ್ಕಿಂತ ಹೆಚ್ಚಾಗಿ, ನೋವು ಬಂದಾಗ ಯಾರ ಕೈ ಹಿಡಿದುಕೊಳ್ಳಲಿ.

ಕೀಲಿ ಇಟ್ಟುಕೊಳ್ಳುವವರ ಹೆಸರು ಬರೆದುಕೊಡಲು ದಿನ ಹತ್ತಿರ ಬಂತು. ಈ ದೇಶದಲ್ಲಿ ನಮಗೆ ಎಷ್ಟು ಜನ ಗೊತ್ತು ಎಂದರೆ ಯುಗಾದಿಗೆ ಹಾಲ್ ತುಂಬುವಷ್ಟು. ಆದರೆ ವುಲ್ವರ್‌ಹ್ಯಾಂಪ್ಟನ್ನಿನ ಡಾಕ್ಟರು ಅಲ್ಲಿಂದ ಬರುವಷ್ಟರಲ್ಲಿ ಸೈರನ್ನಿಗೇ ಗಂಟಲು ಕಟ್ಟಿರುತ್ತದೆ. ಹಾರ್ಬೋರ್ನ್‌ನಲ್ಲಿದ್ದ ಕನ್ನಡದವರೆಲ್ಲ ಆಸ್ಪತ್ರೆಯವರು, ಹಗಲು ಯಾರೂ ಮನೆಯಲ್ಲಿರುವುದಿಲ್ಲ. ನಡೆದು ಬರುವಷ್ಟು ದೂರದಲ್ಲಿ, ಹಗಲು ಮನೆಯಲ್ಲಿರುವ, ನಮ್ಮವರು ಎನ್ನಬಹುದಾದ ಒಬ್ಬರೂ ನಮಗಿಲ್ಲ ಎನ್ನುವುದು ಅರ್ಜಿಯ ಆ ಖಾಲಿ ಜಾಗ ನೋಡಿದಾಗ ಗೊತ್ತಾಯಿತು. ಪಕ್ಕದ ಮನೆಯ ಅಜ್ಜಿಯನ್ನು ಕೇಳೋಣವೇ ಎಂದೆ. ಇಷ್ಟು ದಿನ ಅವಳ ಕಿವಿ ಕಿತ್ತುಹಾಕಿ ಈಗ ಉಪಕಾರ ಬೇರೆ ಕೇಳುವುದೇ ಎಂದ ಗಂಡ.

ಶನಿವಾರ ಮಧ್ಯಾಹ್ನ ಅವಳೇ ಬಂದಳು. ಎಂಬತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದ, ಮಗ ಲೀಡ್ಸ್‌ನಲ್ಲಿ. ಒಂದು ಕಾಲಕ್ಕೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವಳು. ಎಲ್ಲರನ್ನೂ 'ಬ್ಯಾಬ್' ಎಂದು ಕರೆಯುತ್ತಿದ್ದಳು, ಆ ಊರಿನವರು ಅಕ್ಕರೆಗೆ ಹಾಗೆನ್ನುತ್ತಾರೆ. ಅವಳ ಮನೆಗೂ ಮಗ ಅಲಾರಂ ಹಾಕಿಸಿಕೊಟ್ಟಿದ್ದ, ಅವಳಿಗೂ ಕೌನ್ಸಿಲ್‌ನಿಂದ ಅದೇ ಕಾಗದ ಬಂದಿತ್ತು. ಅತ್ತೆ ಕಾಫಿ ಬೆರೆಸಿ ಕೊಟ್ಟರು. ಅವಳು ಒಂದು ಗುಟುಕು ಕುಡಿದು, "ಅದೆಲ್ಲ ಇರಲಿ ಬ್ಯಾಬ್, ನಿಮ್ಮದು ಯಾಕೆ ಅಷ್ಟು ಕೂಗುತ್ತೆ?" ಎಂದು ಕೇಳಿದಳು.

"ಸೆನ್ಸರ್ ತೊಂದರೆ," ಎಂದ ನನ್ನ ಗಂಡ ಥಟ್ಟನೆ.

"ಸುಳ್ಳು ಹೇಳ್ಬೇಡ," ಎಂದರು ಅತ್ತೆ ಕನ್ನಡದಲ್ಲಿ. ಆಮೇಲೆ ಅಜ್ಜಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಪಾಠ ಮಾಡುವ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ, ಹೊರಡುವಾಗ ಸೀನು ಬಂದರೆ ಏನು ಮಾಡಬೇಕು, ತಾವು ಏನೇನು ಮಾಡಿದರು, ಎಲ್ಲ ಹೇಳಿದರು. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಅವಳು ನಕ್ಕರೆ ನಾನು ಅವಳಿಗೆ ಎದ್ದು ಹೋಗು ಎನ್ನುವುದಕ್ಕೆ ತಯಾರಾಗಿದ್ದೆ.

ಅವಳು ನಗಲಿಲ್ಲ. "ನಮ್ಮಮ್ಮನೂ ಹಾಗೇ," ಎಂದಳು. ಏನಾದರೂ ಮರೆತು ಅರ್ಧ ದಾರಿಯಿಂದ ಮನೆಗೆ ವಾಪಸ್ಸು ಬಂದರೆ ಹಾಗೇ ಹೊರಡಲು ಬಿಡುತ್ತಿರಲಿಲ್ಲವಂತೆ. ಕುರ್ಚಿಯಲ್ಲಿ ಕೂತು ಹತ್ತರ ತನಕ ಎಣಿಸಿ ಆಮೇಲೆ ಏಳಬೇಕು. ಕೋಟು ಹಾಕಿಕೊಂಡೇ ಕೂರಬೇಕು. "ಈಗಲೂ ನಾನು ಕೂರ್ತೀನಿ. ನೋಡೋರು ಯಾರೂ ಇಲ್ಲ, ಆದರೂ ಕೂರ್ತೀನಿ."

"ನೀರು?" ಎಂದು ಕೇಳಿದರು ಅತ್ತೆ.

"ನೀರಿಲ್ಲ. ಬರೀ ಎಣಿಕೆ."

ಅತ್ತೆ ಸ್ವಲ್ಪ ಯೋಚಿಸಿ, ಅದೂ ಸರಿಯೇ ಎನ್ನುವಂತೆ ತಲೆಯಾಡಿಸಿದರು. ಎರಡು ವಾರದಿಂದ ಆ ಮುಖದಲ್ಲಿ ಕಾಣದಿದ್ದ ಬೆಳಕು ಅಲ್ಲಿ ಕಂಡಿತು. ಆ ಅಜ್ಜಿಯ ಕೈ ಹಿಡಿದು ಮುತ್ತಿಡಬೇಕು ಅನ್ನಿಸಿತು ನನಗೆ.

ಅಜ್ಜಿ ತನ್ನ ಕೋಟಿನ ಜೇಬಿನಿಂದ ಒಂದು ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಅವಳು ಬಂದ ಕಾರಣ ಅದು. ಮಗ ಲೀಡ್ಸ್‌ನಿಂದ ಬರಲು ಅರ್ಧ ದಿನ ಬೇಕು, ಈ ಬೀದಿಯಲ್ಲಿ ಹಗಲು ಮನೆಯಲ್ಲಿರುವವರು ನೀವೊಬ್ಬರೇ, ನನ್ನ ಕೀಲಿ ನೀವು ಇಟ್ಟುಕೊಳ್ಳಿ, ನಿಮ್ಮದು ನನ್ನ ಹತ್ತಿರ ಇರಲಿ ಎಂದಳು. ಹೇಳಿದ್ದು ನನಗಲ್ಲ, ನನ್ನ ಗಂಡನಿಗಲ್ಲ, ಅತ್ತೆಗೆ. ಕೀಲಿಯ ಜೊತೆಗೇ ತನ್ನ ಅಲಾರಮ್ಮಿನ ಗುಟ್ಟಿನ ನಂಬರನ್ನೂ ನಮ್ಮೆಲ್ಲರ ಎದುರಿಗೇ ಹೇಳಿಬಿಟ್ಟಳು, ಕಾಫಿಗೆ ಸಕ್ಕರೆ ಎಷ್ಟು ಎಂದು ಹೇಳುವ ಹಾಗೆ. ಅತ್ತೆ ಅದನ್ನು ಒಂದು ಸಲ ತಿರುಗಿ ಒಪ್ಪಿಸಿದರು. ನನ್ನ ಗಂಡನ ಕಿವಿ ಕೆಂಪಗಾಗಿದ್ದು ನನಗೆ ಕಾಣಿಸಿತು.

"ಅಮ್ಮ ಬಹುಶಃ ಬೇಗ ಊರಿಗೆ ಹೊರಡ್ತಾರೆ," ಎಂದ ಅವನು ಇಂಗ್ಲಿಷಿನಲ್ಲಿ, ಮೆಲ್ಲಗೆ.

ಅಜ್ಜಿ ನನ್ನ ಹೊಟ್ಟೆ ನೋಡಿದಳು. "ಮಗು ಬರೋದಕ್ಕೆ ಮುಂಚೆಯೇ?" ಎಂದಳು. ನನ್ನ ಗಂಡ ಎದ್ದು ಲೋಟಗಳನ್ನು ತೊಳೆಯಲು ಒಯ್ದ. "ಸರಿ, ಇರೋ ತನಕ ಇಟ್ಕೊಳ್ಳಲಿ," ಎಂದು ಕೀಲಿಯನ್ನು ಅತ್ತೆಯ ಕಡೆ ಸರಿಸಿ ಎದ್ದಳು.

ಅವಳು ಹೋದ ಮೇಲೆ ನನ್ನ ಗಂಡ ತೊಳೆದ ಲೋಟಗಳನ್ನೇ ಇನ್ನೊಂದು ಸಲ ತೊಳೆದ. ಆಮೇಲೆ ಕೈ ಒರೆಸಿಕೊಂಡು ಬಂದು, "ಅಮ್ಮ, ನಮ್ಮನೆ ಹೊಸ ನಂಬರು ಏನಂದ್ರೆ," ಎಂದು ಶುರುಮಾಡಿದ.

"ಈಗ್ಲೇ ಹೇಳ್ಬೇಡ. ಮೊದ್ಲು ನಾನು ಹೇಳೋದು ಕೇಳು," ಎಂದರು ಅತ್ತೆ. "ದಂಡ ಬಿತ್ತು ಅಂತ ನಂಗೆ ಬೇಜಾರಿಲ್ಲ. ತಪ್ಪು ನಂದೇ. ನಾನೂ ಎಷ್ಟೋ ಮಕ್ಕಳಿಗೆ ದಂಡ ಹಾಕಿದೀನಿ. ಆದ್ರೆ ದಂಡ ಹಾಕಿದ ಮಗುನ ಕ್ಲಾಸಿಂದ ಆಚೆ ಹಾಕಿಲ್ಲ ಕಣೋ. ಪಕ್ಕಕ್ಕೆ ಕೂರಿಸ್ಕೊಂಡು ಹೇಳ್ಕೊಟ್ಟಿದೀನಿ. ನೀನು ಒಂದು ಮಾತೂ ಆಡ್ದೆ ಕೀಲಿ ಬಿಚ್ಕೊಂಡೆ. ಹೇಳ್ಕೊಟ್ಟಿದ್ರೆ ಕಲೀತಿದ್ದೆ."

ಅವನು ಜೇಬಿನಿಂದ ಕೀಲಿ ತೆಗೆದು, ಅತ್ತೆಯ ಗೊಂಚಲಿಗೆ ತಾನೇ ಹಾಕಲು ಹೋಗಿ, ಆ ಸಣ್ಣ ರಿಂಗನ್ನು ಬಿಡಿಸಲಾಗದೆ ಒದ್ದಾಡಿದ. ಅತ್ತೆ ಅವನ ಕೈಯಿಂದ ತೆಗೆದುಕೊಂಡು ತಾವೇ ಹಾಕಿಕೊಂಡರು. ಆಮೇಲೆ ತಾಯಿ ಮಗ ಇಬ್ಬರೂ ಬಾಗಿಲ ಹತ್ತಿರ ನಿಂತು ಸಂಜೆಯವರೆಗೆ ಆ ಹಲಗೆಯನ್ನು ಒತ್ತಿ ಒತ್ತಿ ಕಲಿತರು. ಹೊರಗೆ ಹೋಗುವುದು, ಒಳಗೆ ಬರುವುದು. ಮುಂದಿನ ವಾರ ಅಲಾರಂ ಕಂಪನಿಯವನು ಬಂದು ಹೊರಡುವ ಹೊತ್ತಿಗೂ ಬರುವ ಹೊತ್ತಿಗೂ ಸಿಗುವ ಸಮಯವನ್ನು ಹೆಚ್ಚಿಸಿಕೊಟ್ಟ. ಎಷ್ಟು ಬೇಕು ಎಂದು ಅವನು ಕೇಳಿದಾಗ ನನ್ನ ಗಂಡ, "ಅಮ್ಮ, ಒಂದು ಸಲ ಕೂತು ನೀರು ಕುಡಿದು ಏಳು, ನೋಡೋಣ," ಎಂದ. ಅತ್ತೆ ಗಂಭೀರವಾಗಿ ಕೂತರು, ಕುಡಿದರು, ಎದ್ದರು. ಅವನು ಗಡಿಯಾರ ನೋಡಿಕೊಂಡ. ಪೊಲೀಸರು ಮತ್ತೆ ಬರಲು ಒಪ್ಪಿದರು, ಆಮೇಲೆ ಕರೆಯುವ ಅಗತ್ಯವೇ ಬೀಳಲಿಲ್ಲ.

ಟಿಕೆಟ್ಟಿನ ಮಾತು? ಅದನ್ನು ಆ ಶನಿವಾರ ರಾತ್ರಿ ಊಟದ ಹೊತ್ತಿಗೆ ಅವನೇ ತೆಗೆದ. "ಇನ್ನೊಬ್ಬರ ಮನೆ ಜವಾಬ್ದಾರಿ ಹೊತ್ಕೊಂಡಿದೀನಿ. ಹೇಗೆ ಬಿಟ್ಟು ಹೋಗ್ಲಿ," ಎಂದರು ಅತ್ತೆ, ನನ್ನ ಕಡೆ ನೋಡದೆ. ನನಗೆ ಸಂತೋಷವಾಯಿತು, ಆದರೆ ಆ ಸಂತೋಷದಲ್ಲೊಂದು ಸಣ್ಣ ಮುಳ್ಳು. ಪಕ್ಕದ ಮನೆಯ ಕೀಲಿಗೋಸ್ಕರ ಉಳಿದರು, ನನಗೋಸ್ಕರ ಎನ್ನಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಆ ಮುಳ್ಳು ಬೇಸಿಗೆ ಮುಗಿಯುವ ತನಕ ಹಾಗೇ ಇತ್ತು. ಅತ್ತೆ ಮತ್ತೆ ಅಂಗಡಿಗೆ ಹೋಗಿ ಬರತೊಡಗಿದರು. ಮಧ್ಯಾಹ್ನ ಅಜ್ಜಿಯ ಮನೆಯಲ್ಲಿ ಇಬ್ಬರೂ ಟೀವಿ ನೋಡುತ್ತಾ ಕೂರುತ್ತಿದ್ದರು. ಅಜ್ಜಿ ಮಗುವಿಗೆ ಹಳದಿ ಉಲ್ಲನ್ನಿನ ಟೋಪಿ ಹೆಣೆಯುತ್ತಿದ್ದಳು, ಅತ್ತೆ ಅದರ ಹೆಣಿಗೆ ಬಿಗಿಯಾಯಿತು ಎಂದು ತಪ್ಪು ಹುಡುಕುತ್ತಿದ್ದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆಯೇ, ನೋವು ಬಂತು. ಗಂಡ ಕೆಲಸದ ಮೇಲೆ ಮ್ಯಾಂಚೆಸ್ಟರಿಗೆ ಹೋಗಿದ್ದ. ನಾನು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರೆ ಅತ್ತೆ ಟ್ಯಾಕ್ಸಿಗೆ ಫೋನು ಮಾಡಿದರು, ಮಗನಿಗೆ ಫೋನು ಮಾಡಿದರು, ಚೀಲ ತಂದರು, ಒಲೆ ನೋಡಿ ಬಂದರು. ಟ್ಯಾಕ್ಸಿ ಬಂದಾಗ ನನ್ನನ್ನು ಹೊರಗೆ ನಿಲ್ಲಿಸಿ, ನಂಬರು ಒತ್ತಿ, ಬಾಗಿಲು ಹಾಕಿದರು. ಆಗ ನನಗೆ ಸೀನು ಬಂತು. ಒಂದೇ ಒಂದು.

ಜನ್ಮದಲ್ಲಿ ಯಾವ ಶಕುನವನ್ನೂ ನಂಬದವಳು ಆವತ್ತು ಹೆದರಿದೆ. "ಅತ್ತೆ, ಒಳಗೆ ಹೋಗಿ ಕೂತು ಹೋಗೋಣ," ಎಂದೆ.

"ಕೂರೋಕೆ ನಿಂಗೆ ಪುರುಸೊತ್ತಿರ್ಬೋದು, ಮಗೂಗಿಲ್ಲ. ನಡಿ," ಎಂದು ನನ್ನ ರಟ್ಟೆ ಹಿಡಿದು ಟ್ಯಾಕ್ಸಿಗೆ ಹತ್ತಿಸಿದರು. ಪಕ್ಕದ ಮನೆಯ ಕಿಟಕಿಯಲ್ಲಿ ಅಜ್ಜಿ ಕೈಯೆತ್ತಿ ನಿಂತಿದ್ದಳು.

ಆಸ್ಪತ್ರೆ ದೂರವಿರಲಿಲ್ಲ, ಆದರೆ ಹೈಸ್ಟ್ರೀಟಿನಲ್ಲಿ ರಸ್ತೆ ಅಗೆಯುತ್ತಿದ್ದರು, ಟ್ಯಾಕ್ಸಿ ನಿಂತುಬಿಟ್ಟಿತು. ನೋವು ಬಂದು ಹೋದ ಮೇಲಿನ ಬಿಡುವಿನಲ್ಲಿ ಮನುಷ್ಯರಿಗೆ ನಾಚಿಕೆ ಇರುವುದಿಲ್ಲ. ಇಷ್ಟು ದಿನ ಕೇಳದಿದ್ದುದನ್ನು ಕೇಳಿಬಿಟ್ಟೆ. "ಅತ್ತೆ, ಅವತ್ತು ಆ ಅಜ್ಜಿ ಕೀಲಿ ಕೊಡದೆ ಇದ್ದಿದ್ರೆ ನೀವು ನನ್ನ ಬಿಟ್ಟು ಹೊರಟೇ ಹೋಗ್ತಿದ್ರಾ?"

"ಟಿಕೆಟ್ಟು ಬದಲಾಯಿಸು ಅಂದೆ. ಯಾವ ತಾರೀಖಿಗೆ ಅಂತ ಹೇಳಿದ್ನಾ?" ಎಂದರು ಅತ್ತೆ. "ಯಾರಾದ್ರೂ ಬೇಡ ಅಂತೀರೇನೋ ಅಂತ ದಿನಾ ಕಾಯ್ತಿದ್ದೆ. ಅವನಂತೂ ಗಂಡಸು, ಬಾಯಿ ಬಿಡಲ್ಲ. ನೀನಾದ್ರೂ ಅಂತೀಯ ಅಂದ್ಕೊಂಡೆ. ನೀನೂ ಅನ್ಲಿಲ್ಲ."

ಅಮ್ಮ ಹೋದ ಮೇಲೆ ನಾನು ಯಾರಿಗೂ ಇರು ಎಂದು ಹೇಳಿರಲಿಲ್ಲ. ಹೇಳಿದರೂ ಇರುವುದಿಲ್ಲ ಎಂದು ಅಮ್ಮನ ಹಾಸಿಗೆಯ ಪಕ್ಕ ಕೂತು ಕಲಿತಿದ್ದೆ. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣದಾಯಿತು.

"ಹೋಗ್ಬೇಡಿ ಅತ್ತೆ," ಎಂದೆ.

"ಇಷ್ಟು ಹೇಳೋಕೆ ನಿಂಗೆ ಇಷ್ಟು ದಿನ ಬೇಕಾಯ್ತಾ," ಎಂದು ಅವರು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು.